ಬರ್ಕೊಂಡೆ, ಹೆಸರು ಹೇಳಿ

ಮಹಜಬೀನ್ ಬರುತ್ತಿದ್ದಾಳೆಂದರೆ ಶಿರಾ ಪೇಟೆಯ ಸೊಪ್ಪಿನವರು ಕುಕ್ಕರಗಾಲಿನಿಂದ ಎದ್ದು ಸರಿಯಾಗಿ ಕೂರುತ್ತಾರೆ. ಚೌಕಾಸಿ ಮಾಡುತ್ತಾಳೆಂದಲ್ಲ. ಎರಡು ಕಟ್ಟು ಮೆಂತ್ಯ, ಒಂದು ಕಟ್ಟು ಸಬ್ಬಸಿಗೆ ಎಂದು ಎತ್ತಿ ಕೊಟ್ಟರೆ, "ಎರಡು ಮೆಂತ್ಯ, ಒಂದು ಸಬ್ಬಸಿಗೆ, ಸರಿನಾ?" ಎಂದು ಕೇಳಿಯೇ ಆಕೆ ಚೀಲ ಬಿಚ್ಚುವುದು. ಸರಿ ಎಂದು ಬಾಯಿಬಿಟ್ಟು ಹೇಳಬೇಕು. ತಲೆ ಆಡಿಸಿದರೆ ಚೀಲ ಬಿಚ್ಚುವುದಿಲ್ಲ.

ಮೂವತ್ತೇಳು ವರ್ಷದ ಮಹಜಬೀನ್ ಬರಗೂರು ಕಡೆಯ ವಿದ್ಯುತ್ ಉಪಕೇಂದ್ರವೊಂದರಲ್ಲಿ ಆಪರೇಟರ್. ಊರವರು ಅದನ್ನು ಸ್ಟೇಷನ್ ಅನ್ನುತ್ತಾರೆ. ಸುತ್ತ ಜಲ್ಲಿ ಹಾಸಿದ ಅಂಗಳ, ಗುಂಯ್‌ಗುಡುವ ಎರಡು ಟ್ರಾನ್ಸ್‌ಫಾರ್ಮರ್, ಒಂದು ಕೊಠಡಿ, ಒಂದು ಮೇಜು, ಒಂದು ಫೋನು, ಒಂದು ದಪ್ಪ ಲಾಗ್ ಪುಸ್ತಕ. ಹನ್ನೊಂದು ವರ್ಷದಿಂದ ಆಕೆಯ ರಾಜ್ಯ ಅಷ್ಟೇ.

ಲೈನ್‌ಮನ್ ಕಂಬ ಹತ್ತುವ ಮೊದಲು ಈ ಫೋನಿಗೆ ಕರೆ ಮಾಡಿ ಲೈನಿನ ಕರೆಂಟು ತೆಗೆಸಬೇಕು. ಇದಕ್ಕೆ ಲೈನ್ ಕ್ಲಿಯರ್, ಚಿಕ್ಕದಾಗಿ ಎಲ್.ಸಿ., ಎಂದು ಹೆಸರು. ಅವನು ಹೇಳಿದ್ದನ್ನು ಆಪರೇಟರ್ ಅಕ್ಷರಕ್ಕೆ ಅಕ್ಷರ ತಿರುಗಿ ಹೇಳಬೇಕು, ಅವನು ಹೌದೆನ್ನಬೇಕು, ಹೆಸರು ಮತ್ತು ಸಮಯ ಪುಸ್ತಕಕ್ಕೆ ಏರಬೇಕು. ಆಮೇಲೆಯೇ ಕರೆಂಟು ಕಡಿಯುವ ಬ್ರೇಕರ್ ಮುಟ್ಟುವುದು. ಕೆಲಸ ಮುಗಿಸಿ ಇಳಿದವನು ಎಲ್.ಸಿ. ವಾಪಸ್ ಮಾಡಿದ ಮೇಲೆಯೇ ಲೈನ್ ಚಾರ್ಜ್ ಮಾಡುವುದು, ಅಂದರೆ ಮತ್ತೆ ಕರೆಂಟು ಬಿಡುವುದು. ಆಕೆಗೆ ಕೆಲಸ ಕಲಿಸಿದವರು ಕೊಳಾಲದ ಸಣ್ಣರಂಗಯ್ಯ. ಈಗ ನಿವೃತ್ತರು. ಅವರ ಪಾಠ ಒಂದೇ: "ಕಿವಿ ಕೇಳಿದ್ದನ್ನ ಬಾಯಿ ಹೇಳ್ಬೇಕು, ಬಾಯಿ ಹೇಳಿದ್ದನ್ನ ಕೈ ಬರೀಬೇಕು ಕಣಮ್ಮ. ಕಂಬದ ಮ್ಯಾಲಿರೋನು ಒಬ್ನೇ ಅಲ್ಲ, ಅವನ ಮನೆಯೋರೆಲ್ಲಾ ಅವನ ಸೊಂಟ ಹಿಡ್ಕೊಂಡು ನೇತಾಡ್ತಾ ಇರ್ತಾರೆ."

ಆ ಮಾತು ಮಹಜಬೀನ್‌ಗೆ ಎಷ್ಟು ಇಳಿಯಿತೆಂದರೆ, ಕೆಲಸಕ್ಕೆ ಸೇರಿದ ಎರಡು ವರ್ಷಕ್ಕೆ ನಡೆದ ನಿಕಾಹ್‌ನಲ್ಲಿ ಒಪ್ಪಿಗೆ ಕೇಳಲು ಬಂದ ಹಿರಿಯರಿಗೆ, ವರನ ಹೆಸರು, ವರನ ತಂದೆಯ ಹೆಸರು, ವರ ಕೊಡುವ ಮೆಹರಿನ ವಿವರ ಎಲ್ಲವನ್ನೂ ತಿರುಗಿ ಒಪ್ಪಿಸಿ, "ಸರಿ ಇದೆಯಾ?" ಎಂದು ಕೇಳಿ, ಆಮೇಲೆ ಕಬೂಲ್ ಎಂದಳು. ಗಂಡ ಖಲೀಲ್ ಇವತ್ತಿಗೂ ಗೆಳೆಯರ ಮುಂದೆ ಹೇಳಿಕೊಳ್ಳುತ್ತಾನೆ: "ನಂದು ಎಲ್.ಸಿ. ಕೊಟ್ಟಿರೋ ಮದುವೆ. ವಾಪಸ್ ಮಾಡೋ ಹಾಗಿಲ್ಲ."

ಖಲೀಲ್‌ನದು ಮೋಟಾರ್ ರೀವೈಂಡಿಂಗ್ ಅಂಗಡಿ. ಮನೆಯ ಕೆಳಗೇ ಇದೆ. ಸುಟ್ಟ ಪಂಪ್‌ಸೆಟ್ಟಿನ ಮೋಟಾರುಗಳು ಬಾಗಿಲ ಮುಂದೆ ಆಸ್ಪತ್ರೆಯ ಸಾಲಿನಂತೆ ಕೂತಿರುತ್ತವೆ. ಡಿಪ್ಲೊಮಾ ಓದಿದ್ದ ಹೆಂಡತಿಗೆ ಆನ್‌ಲೈನ್ ವಿಶ್ವವಿದ್ಯಾಲಯವೊಂದರ ವಿದ್ಯುತ್ ಎಂಜಿನಿಯರಿಂಗ್ ಪದವಿಯ ಜಾಹೀರಾತು ತೋರಿಸಿದವನೂ ಅವನೇ. ಅವಳು ಮನಸ್ಸು ಮಾಡಲು ಕಾರಣ ಬೇರೆ. ತಿಂಗಳಿಗೊಮ್ಮೆ ಬರುವ ಎಂಜಿನಿಯರ್ ಲಾಗ್ ಪುಸ್ತಕದ ಕೊನೆಗೆ ಸಹಿ ಹಾಕುತ್ತಿದ್ದ. ತನಗಿಂತ ಹನ್ನೆರಡು ವರ್ಷ ಚಿಕ್ಕವನು. ಒಮ್ಮೆ ಪೆನ್ನು ಹಿಡಿದುಕೊಂಡೇ, "ಮೇಡಂ, ನಾಲ್ಕನೇ ಫೀಡರ್ ಯಾವ ಕಡೆದು?" ಎಂದು ಕೇಳಿದ. ಊರುಗಳಿಗೆ ಹೊರಡುವ ಆ ಲೈನಿನ ಕಡೆ ಮಹಜಬೀನ್ ಕೈ ತೋರಿಸಿದಳು. ಸಹಿ ಹಾಕುವ ಜಾಗ ಅವತ್ತು ಕಣ್ಣಿಗೆ ಬಿತ್ತು.

ಮೂರು ವರ್ಷ ಪಾಳಿ ಮುಗಿಸಿ ಓದಿದಳು. ಉಳಿದದ್ದು ಒಂದೇ ಪೇಪರ್: ಪವರ್ ಸಿಸ್ಟಂ ಪ್ರೊಟೆಕ್ಷನ್ ಮತ್ತು ಸ್ವಿಚ್‌ಗೇರ್. ಹಿಂದಿನವೆಲ್ಲ ಮನೆಯಲ್ಲೇ ಬರೆದು ಕಳಿಸುವ ಅಸೈನ್‌ಮೆಂಟುಗಳು. ಈ ಬಾರಿ ಮಾತ್ರ ಕ್ಯಾಮೆರಾ ಮುಂದೆ ಕೂತು ಬರೆಯುವ ಪರೀಕ್ಷೆ. ಕಾವಲಿಗೆ ಮನುಷ್ಯರಿಲ್ಲ, ಒಂದು ಸಾಫ್ಟ್‌ವೇರ್. ಕಣ್ಣು ಎಲ್ಲಿ ಹೋಯಿತು, ಕೋಣೆಯಲ್ಲಿ ಏನು ಸದ್ದಾಯಿತು ಎಂದು ಅದು ಲೆಕ್ಕ ಇಡುತ್ತದೆ.

ಏಪ್ರಿಲ್‌ನ ಒಂದು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ. ಖಲೀಲ್ ಅಂಗಡಿ ಮುಚ್ಚಿದ. ಅವನ ತಾಯಿ ಅಮೀರುನ್ನೀಸಾ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂರಲು ಒಪ್ಪಿದರು. ಶುರುವಿಗೆ ಮುಂಚೆ ಲ್ಯಾಪ್‌ಟಾಪ್ ಹಿಡಿದು ಕೋಣೆಯ ನಾಲ್ಕೂ ಗೋಡೆ ತೋರಿಸಬೇಕಿತ್ತು. ಗೋಡೆ ಆಯಿತು. ಮೇಜಿನ ಕೆಳಗೆ ತೋರಿಸಿ ಎಂದಿತು. ಮಂಚದ ಕೆಳಗೂ ತೋರಿಸಿ ಎಂದಿತು. ಅಲ್ಲಿ ಖಲೀಲ್ ತುರುಕಿಟ್ಟಿದ್ದ ತಾಮ್ರದ ತಂತಿಯ ಸುರುಳಿಗಳು ಹೊರಬಂದವು.

ಬಾಗಿಲ ಸಂದಿಯಿಂದ ನೋಡುತ್ತಿದ್ದ ಅಮೀರುನ್ನೀಸಾ ತಡೆಯಲಾರದೆ, "ಯಾ ಅಲ್ಲಾ! ನಿನ್ನ ನೋಡೋಕೆ ನಾವು ಬಂದಾಗ್ಲೂ ಇಷ್ಟು ನೋಡಿರ್ಲಿಲ್ಲ ಬೇಟಿ, ಮಂಚದ ಕೆಳಗೆಲ್ಲಾ" ಎಂದರು.

"ಅಮ್ಮೀ, ಬಾಗಿಲು ಹಾಕಿ. ಇನ್ನು ಮಾತಾಡೋ ಹಾಗಿಲ್ಲ."

ಹತ್ತಕ್ಕೆ ಮೊದಲ ಪ್ರಶ್ನೆ ಪರದೆಯ ಮೇಲೆ ಬಂತು. ಮಹಜಬೀನ್ ಓದಿದಳು. ಓದಿದವಳು ಏನು ಮಾಡಿದಳೆಂದು ಅವಳಿಗೇ ಗೊತ್ತಾಗಲಿಲ್ಲ. ಎರಡು ನಿಮಿಷಕ್ಕೆ ಪರದೆಯ ಮೂಲೆಯಲ್ಲಿ ಕೆಂಪು ಚೌಕ ಮೂಡಿತು: ಕೋಣೆಯಲ್ಲಿ ಮಾತು ಕೇಳಿಸುತ್ತಿದೆ, ದಯವಿಟ್ಟು ಮೌನವಾಗಿರಿ.

ಫ್ಯಾನಿನ ಸದ್ದಿರಬೇಕು ಎಂದುಕೊಂಡು ಎದ್ದು ಫ್ಯಾನ್ ಆರಿಸಿದಳು. ಎದ್ದದ್ದಕ್ಕೆ ಎರಡನೇ ಕೆಂಪು ಚೌಕ. ಶಿರಾದ ಏಪ್ರಿಲ್‌ನಲ್ಲಿ ಫ್ಯಾನಿಲ್ಲದ ಕೋಣೆಯಲ್ಲಿ ಮೂರು ಗಂಟೆ ಕೂತು ಬರೆದಳು. ಬೆವರು ಕೀಲಿಮಣೆಯ ಮೇಲೆ ಹನಿಯಿತು. ನಡುವೆ ಇನ್ನೂ ಮೂರು ಸಲ ಚೌಕ ಬಂದು ಹೋಯಿತು. ಹೊರಗೆ ಅಮೀರುನ್ನೀಸಾ ತಸ್ಬೀಹ್ ಮಣಿ ಎಣಿಸುವ ಸದ್ದಿರಬಹುದೆಂದು ಸುಮ್ಮನಾದಳು. ಉತ್ತರಗಳು ಮಾತ್ರ ನೀರು ಕುಡಿದಂತೆ ಬಂದವು. ಕೇಳಿದ್ದೆಲ್ಲಾ ಹನ್ನೊಂದು ವರ್ಷ ಕೈಯಾರೆ ಮಾಡಿದ್ದೇ.

ನಾಲ್ಕನೇ ದಿನ ಪತ್ರ ಬಂತು. ಪರೀಕ್ಷೆಯ ವೇಳೆ ನಲವತ್ತೊಂದು ಬಾರಿ ಅನುಮಾನಾಸ್ಪದ ಸಂಭಾಷಣೆ. ಕೋಣೆಯಲ್ಲಿ ಎರಡನೇ ವ್ಯಕ್ತಿ ಇದ್ದ ಶಂಕೆ. ಸೋಮವಾರ ಹನ್ನೊಂದಕ್ಕೆ ಆನ್‌ಲೈನ್ ವಿಚಾರಣೆ. ನಕಲು ಸಾಬೀತಾದರೆ ಪೇಪರ್ ಒಂದೇ ಅಲ್ಲ, ಮೂರು ವರ್ಷದ ಓದೂ ರದ್ದು. ಜೊತೆಗೆ ಧ್ವನಿಮುದ್ರಿಕೆಯ ಒಂದು ತುಣುಕು ಲಗತ್ತಿಸಿದ್ದರು. ಖಲೀಲ್ ಅದನ್ನು ಮೊಬೈಲಿನಲ್ಲಿ ಹಾಕಿದ. ಹೆಂಡತಿಯ ಧ್ವನಿ ಸ್ಪಷ್ಟವಾಗಿತ್ತು:

"ಡಿಸ್ಟೆನ್ಸ್ ರಿಲೇ ಕೆಲಸ ಮಾಡೋ ತತ್ವ ವಿವರಿಸಬೇಕು, ಅಂಕ ಐದು. ಸರಿನಾ? ಬರ್ಕೊಂಡೆ. ಹೆಸರು ಹೇಳಿ."

ಖಲೀಲ್ ಮೊಬೈಲ್ ಕೆಳಗಿಟ್ಟ. "ಜಬೀನ್, ಯಾರ ಹೆಸರು ಕೇಳ್ದೆ?"

"ಪ್ರಶ್ನೆದು" ಎಂದಳು. ಮುಖ ಬಿಳಿಚಿತ್ತು.

ಅವನು ನಗುವನ್ನು ಕೆನ್ನೆಯೊಳಗೆ ಹಿಡಿದುಕೊಂಡ, ಹಿಡಿಯಲಾಗದೆ ಬಿಟ್ಟ. ಅವಳು ನಗಲಿಲ್ಲ. ಅವಳು ಬರೆದ ಪುಸ್ತಕವನ್ನು ಹನ್ನೊಂದು ವರ್ಷದಲ್ಲಿ ಯಾರೂ ಅನುಮಾನಿಸಿದ್ದಿಲ್ಲ. ಅವಳ ಒಂದು ಮಾತಿನ ಮೇಲೆ ಜನ ಹನ್ನೊಂದು ಸಾವಿರ ವೋಲ್ಟಿನ ತಂತಿಯನ್ನು ಬರಿಗೈಯಲ್ಲಿ ಹಿಡಿಯುತ್ತಿದ್ದರು. ಈಗ ಅದೇ ಬಾಯಿ ಕಾಪಿ ಹೊಡೆಯಿತು ಎಂದು ಕಾಗದ ಹೇಳುತ್ತಿತ್ತು.

ಸುದ್ದಿ ಸ್ಟೇಷನ್ನಿಗೂ ಹೋಯಿತು. ಬರಗೂರಿನ ಲೈನ್‌ಮನ್ ಅಡವಯ್ಯ ಸೋಮವಾರ ರಜೆ ಹಾಕಿ ಹತ್ತೂವರೆಗೇ ಶಿರಾದ ಮನೆ ಬಾಗಿಲಿಗೆ ಬಂದ. ಐವತ್ತೈದರ ಆಸಾಮಿ, ಖಾಕಿ ಅಂಗಿಗೆ ಇಸ್ತ್ರಿ ಹಾಕಿಸಿದ್ದ. ಆ ಅಂಗಿಗೆ ಇಸ್ತ್ರಿ ತಾಗಿದ್ದು ಅವನ ಮಗಳ ಮದುವೆಯ ಬಳಿಕ ಇದೇ ಮೊದಲು.

"ಯಾವನವ್ವಾ ಅವನು, ನಿಂಗೆ ಕಾಪಿ ಅಂದೋನು?"

"ಅವನಲ್ಲ ಅಡವಯ್ಯಣ್ಣ, ಅದು. ಕಂಪ್ಯೂಟರ್."

"ಕಂಪ್ಯೂಟರು ಕಂಬ ಹತ್ತೈತಾ? ಹತ್ತಿದ್ರೆ ಗೊತ್ತಾಗ್ತಿತ್ತು, ನೀನು ಯಾಕೆ ತಿರುಗಿ ಕೇಳ್ತೀಯ ಅಂತ. ನಾನೇ ಸಾಕ್ಷಿ ಹೇಳ್ತೀನಿ ಬುಡು. ಕಂಬದ ಮ್ಯಾಲೆ ನಿಂತೇ ಹೇಳು ಅಂದ್ರೂ ಹೇಳ್ತೀನಿ."

"ಒಳಗೆ ನಾನೊಬ್ಳೇ ಇರ್ಬೇಕಂತೆ, ಅಣ್ಣ."

"ಅಂಗಾರೆ ಬಾಗ್ಲಲ್ಲಿ ಕೂತ್ಕತೀನಿ. ಬಾಗ್ಲಲ್ಲಿ ಕೂರೋಕೂ ಕಂಪ್ಯೂಟರ್ನ ಕೇಳ್ಬೇಕಾ?"

ಅಮೀರುನ್ನೀಸಾ ಇನ್ನೊಂದು ಕುರ್ಚಿ ತಂದುಹಾಕಿ, ಸುಲೇಮಾನಿ ಚಹಾ ಕೊಟ್ಟರು. ಹಾಲಿಲ್ಲದ ಚಹಾವನ್ನು ಅಡವಯ್ಯ ಅನುಮಾನದಿಂದ ನೋಡಿ, ಗೌರವಕ್ಕೆ ಕುಡಿದ.

ಹನ್ನೊಂದಕ್ಕೆ ಪರದೆಯ ಮೇಲೆ ಕನ್ನಡಕದ ಒಬ್ಬ ಪ್ರಾಧ್ಯಾಪಕಿ ಬಂದರು. ಹೆಸರು ಯಶೋಧರಾ. ಅಂದು ಅವರ ಮುಂದೆ ಇಂಥ ಹತ್ತೊಂಬತ್ತು ಪ್ರಕರಣಗಳಿದ್ದವು. ಮಹಜಬೀನ್‌ಳದು ಏಳನೆಯದು.

"ಕೋಣೆಯಲ್ಲಿ ಬೇರೆ ಯಾರಾದರೂ ಇದ್ದಾರಾ?"

"ಕೋಣೆಯಲ್ಲಿ ಬೇರೆ ಯಾರಾದರೂ ಇದ್ದಾರಾ ಅಂತ ಕೇಳ್ತಿದೀರಿ. ಇಲ್ಲ ಮೇಡಂ. ಬಾಗಿಲ ಹೊರಗೆ ಇಬ್ಬರಿದ್ದಾರೆ. ನಮ್ಮತ್ತೆ, ಮತ್ತೆ ಲೈನ್‌ಮನ್ ಅಡವಯ್ಯ."

ಪ್ರಾಧ್ಯಾಪಕಿ ತಲೆ ಎತ್ತಿದರು. "ಪರೀಕ್ಷೆಯಲ್ಲಿ ನಲವತ್ತೊಂದು ಬಾರಿ ಮಾತಾಡಿದ್ದೀರಿ. ಯಾರ ಜೊತೆ?"

"ನಲವತ್ತೊಂದು ಬಾರಿ ಮಾತಾಡಿದೀನಿ, ಯಾರ ಜೊತೆ ಅಂತ. ಸರಿನಾ ಮೇಡಂ?"

"ನೀವು ನನ್ನನ್ನ ಅಣಕಿಸ್ತಿದ್ದೀರಾ?"

ಬಾಗಿಲ ಹೊರಗೆ ಕುರ್ಚಿ ಕಿರ್ರೆಂದಿತು. ಅಡವಯ್ಯ ಎದ್ದಿದ್ದ. ಅಮೀರುನ್ನೀಸಾ ಅವನ ಇಸ್ತ್ರಿಯಾದ ಅಂಗಿ ಹಿಡಿದು ಕೂರಿಸಿದರು.

"ಇಲ್ಲ ಮೇಡಂ, ಇಲ್ಲ" ಎಂದಳು ಮಹಜಬೀನ್. ಎಲ್.ಸಿ.ಯ ಕತೆ ಹೇಳಿದಳು. ಕೊಳಾಲದ ಗುರು ಹೇಳಿದ್ದನ್ನೂ ಹೇಳಿದಳು. "ಪ್ರಶ್ನೆ ಮೂವತ್ತಾರು ಇತ್ತು ಮೇಡಂ. ಮೂವತ್ತಾರನ್ನೂ ತಿರುಗಿ ಹೇಳಿದೀನಿ. ಕೆಂಪು ಚೌಕದ ಎಚ್ಚರಿಕೆ ಐದು ಸಲ ಬಂತು. ಅದನ್ನೂ ತಿರುಗಿ ಹೇಳಿರ್ಬೇಕು. ಮೂವತ್ತಾರು, ಐದು, ನಲವತ್ತೊಂದು. ಲಾಗ್ ತಾಳೆ ಆಗುತ್ತೆ."

ಯಶೋಧರಾ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಎರಡು ನಿಮಿಷ ಏನನ್ನೋ ಕೇಳಿದರು. ಅದರಲ್ಲಿ ಮಹಜಬೀನ್ ಗಂಭೀರವಾಗಿ ಹೇಳುತ್ತಿದ್ದಳು: "ಮೌನವಾಗಿರಬೇಕು. ಸರಿ, ಬರ್ಕೊಂಡೆ." ಪ್ರಾಧ್ಯಾಪಕಿಯ ತುಟಿಯ ಒಂದು ಕೊನೆ ಅಲುಗಿತು. ಆದರೂ ಹೆಡ್‌ಫೋನ್ ತೆಗೆದಾಗ ಮುಖ ಮೊದಲಿನಂತೆಯೇ ಇತ್ತು.

"ಅಭ್ಯಾಸ ಅನ್ನೋದನ್ನ ಯಾರು ಬೇಕಾದ್ರೂ ಹೇಳಬಹುದು. ಮಾತು ನಿಮ್ಮದೇ ಇರಬಹುದು, ಉತ್ತರ ನಿಮ್ಮದೇನಾ ಅಂತ ನಾನು ನೋಡಬೇಕು. ಬಾಯಲ್ಲಿ ಕೇಳ್ತೀನಿ." ಮುಂದೆ ಹನ್ನೆರಡು ಜನ ಕಾದಿದ್ದರು. ಅವರು ಅವಸರದಲ್ಲಿ ಒಂದು ಹಾಳೆ ಎಳೆದುಕೊಂಡರು. "ಫೀಡರ್ ಮೂರು, ಲೋಡ್ ಇದೆ. ದುರಸ್ತಿಗೆ ಬಿಟ್ಟುಕೊಡಬೇಕು. ಮೊದಲು ಐಸೊಲೇಟರ್ ತೆಗೀತೀರಿ, ಆಮೇಲೆ ಬ್ರೇಕರ್ ತೆಗೀತೀರಿ, ಆಮೇಲೆ ಅರ್ತ್ ಮಾಡ್ತೀರಿ. ಪ್ರತಿ ಹಂತಕ್ಕೂ ಕಾರಣ ಹೇಳಿ."

"ಫೀಡರ್ ಮೂರು, ಲೋಡ್ ಇದೆ" ಎಂದು ಶುರುಮಾಡಿದಳು ಮಹಜಬೀನ್. "ದುರಸ್ತಿಗೆ ಬಿಟ್ಟುಕೊಡಬೇಕು. ಮೊದಲು ಐಸೊಲೇಟರ್..."

ಅಲ್ಲಿಗೆ ನಿಂತಳು.

"ಹೇಳಿ."

"ಮೇಡಂ, ಇದನ್ನ ನಾನು ಬರ್ಕೊಳಲ್ಲ."

"ಯಾಕೆ?"

"ಐಸೊಲೇಟರ್ ಹರಿಯೋ ಕರೆಂಟನ್ನ ಕಡಿಯೋ ಸ್ವಿಚ್ಚಲ್ಲ, ಲೋಡ್ ಇರೋವಾಗ ಮೊದಲು ಅದನ್ನ ತೆಗೆದ್ರೆ ಅಲ್ಲೇ ಬೆಂಕಿ ಕಿತ್ಕೊಳುತ್ತೆ, ಮೇಡಂ. ಹ್ಯಾಂಡಲ್ ಹಿಡಿದೋನ ಕೈ ಇರಲ್ಲ. ಮೊದಲು ಬ್ರೇಕರ್, ಆಮೇಲೆ ಐಸೊಲೇಟರ್, ಆಮೇಲೆ ಕರೆಂಟಿಲ್ಲ ಅಂತ ಖಾತ್ರಿ ಮಾಡ್ಕೊಂಡು ಅರ್ತ್. ನೀವು ಸರಿಯಾಗಿ ಹೇಳೋವರೆಗೂ ನಾನು ಏನೂ ಮುಟ್ಟಲ್ಲ. ಬೇಕಾದ್ರೆ ಫೇಲ್ ಮಾಡಿ."

ಕೊನೆಯ ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೇ ಗಾಬರಿಯಾಯಿತು. ಯಶೋಧರಾ ಹಾಳೆ ನೋಡಿದರು. ಕನ್ನಡಕ ಮೇಲೆತ್ತಿ ಮತ್ತೊಮ್ಮೆ ನೋಡಿದರು. ಹಾಳೆಯಲ್ಲಿ ಸರಿಯಾಗಿಯೇ ಇತ್ತು. ಅವಸರದಲ್ಲಿ ಹಿಂದುಮುಂದಾಗಿ ಓದಿದ್ದು ಅವರೇ. ಇಪ್ಪತ್ತೆರಡು ವರ್ಷದಿಂದ ಇದೇ ಪಾಠ ಮಾಡುತ್ತಿದ್ದವರು ಹಾಳೆ ಕೆಳಗಿಟ್ಟು ಗಟ್ಟಿಯಾಗಿ ನಕ್ಕರು. ಬಾಗಿಲ ಹೊರಗಿದ್ದ ಇಬ್ಬರೂ ಆ ನಗು ಕೇಳಿ ಮುಖ ಮುಖ ನೋಡಿಕೊಂಡರು.

"ತಪ್ಪು ನಂದು. ಬೆಳಗಿನಿಂದ ಆರು ಜನರನ್ನ ವಿಚಾರಿಸಿದೀನಿ ಮಹಜಬೀನ್. ನಾನು ಏನು ಹೇಳಿದ್ರೂ ಎಲ್ಲರೂ ಹೂಂ ಮೇಡಂ ಅಂದ್ರು."

ಆಮೇಲೆ ಇಪ್ಪತ್ತು ನಿಮಿಷ ಪ್ರಶ್ನೆಗಳು ಬಂದವು. ಅದು ವಿಚಾರಣೆಯಂತಿರಲಿಲ್ಲ, ಪಾಳಿ ಬದಲಾಗುವಾಗ ಇಬ್ಬರು ಆಪರೇಟರುಗಳು ಮಾತಾಡಿಕೊಂಡಂತಿತ್ತು. ಕೊನೆಗೆ ಯಶೋಧರಾ ಗಂಟಲು ಸರಿಮಾಡಿಕೊಂಡು ಹೇಳಿದರು: "ಧ್ವನಿಮುದ್ರಿಕೆಯಲ್ಲಿ ಎರಡನೇ ವ್ಯಕ್ತಿ ಇಲ್ಲ. ನಕಲಿನ ಆರೋಪ ಕೈಬಿಡಲಾಗಿದೆ. ಉತ್ತರಪತ್ರಿಕೆ ಮೌಲ್ಯಮಾಪನಕ್ಕೆ ಹೋಗುತ್ತೆ."

"ಎರಡನೇ ವ್ಯಕ್ತಿ ಇಲ್ಲ. ನಕಲಿನ ಆರೋಪ ಕೈಬಿಡಲಾಗಿದೆ. ಉತ್ತರಪತ್ರಿಕೆ ಮೌಲ್ಯಮಾಪನಕ್ಕೆ ಹೋಗುತ್ತೆ. ಸರಿನಾ ಮೇಡಂ?"

"ಸರಿ."

ಮಹಜಬೀನ್ ಪೆನ್ನು ಎತ್ತಿಕೊಂಡಳು. ಕೇಳಬೇಕೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿದಳು. ಅಷ್ಟರಲ್ಲಿ ಅತ್ತಲಿಂದಲೇ ಬಂತು: "ಯಶೋಧರಾ. ಸಮಯ ಹನ್ನೊಂದು ನಲವತ್ತೆಂಟು. ಬರ್ಕೊಳ್ಳಿ."

ಬಾಗಿಲು ತೆಗೆದಾಗ ಅಮೀರುನ್ನೀಸಾ ಎದುರಿಗೇ ನಿಂತಿದ್ದರು. "ಪಾಸಾ?"

"ಇನ್ನೂ ಇಲ್ಲ ಅಮ್ಮೀ. ಕಾಪಿ ಅಲ್ಲ ಅಂದ್ರು. ಪೇಪರ್ ಈಗ ನೋಡ್ತಾರಂತೆ."

"ಅಂದ್ರೆ ಎಲ್.ಸಿ. ವಾಪಸ್ ಬಂತು, ಲೈನ್ ಚಾರ್ಜ್ ಮಾಡೋದೊಂದು ಬಾಕಿ" ಎಂದು ವಿವರಿಸಿದ ಅಡವಯ್ಯ, ಇನ್ನೊಂದು ಲೋಟ ಕರಿ ಚಹಾ ತಾನಾಗಿಯೇ ಕೇಳಿದ.

ಮೂರು ವಾರದ ಮೇಲೆ ಫಲಿತಾಂಶ ಬಂತು. ಎಪ್ಪತ್ತೊಂದು ಅಂಕ. ಮೊದಲು ನೋಡಿದವನು ಖಲೀಲ್. ಸ್ಟೇಷನ್ನಿಗೆ ಫೋನ್ ಮಾಡಿ ಕಿರುಚಿದ. ಅವಳು ಎಪ್ಪತ್ತೊಂದೇನಾ ಎಂದು ಕೇಳಿ, ಹೌದು ಎನ್ನಿಸಿ, ಪರೀಕ್ಷಾ ಸಂಖ್ಯೆ ಓದಿಸಿ, ಆಮೇಲೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ದುಪಟ್ಟಾದಿಂದ ಮುಖ ಒರೆಸಿಕೊಂಡಳು. ತುಸು ಹೊತ್ತು ಒರೆಸಿಕೊಳ್ಳುತ್ತಲೇ ಇದ್ದಳು.

ಫೋನು ಮತ್ತೆ ಹೊಡೆದುಕೊಂಡಿತು.

"ಎಂಜಿನಿಯರಮ್ಮೋರೇ!" ಅಡವಯ್ಯನ ಧ್ವನಿ. ಹಿಂದೆ ಗಾಳಿಯ ಸದ್ದು. "ಖಲೀಲ್ ಸಾಬ್ರು ಹೇಳಿದ್ರು ಕಣಮ್ಮ. ಇನ್ಮ್ಯಾಕೆ ನೀವು ದೊಡ್ಡೋರು. ಅಂಗೇ ನಾಲ್ಕನೇ ಫೀಡರ್‌ಗೆ ಒಂದು ಎಲ್.ಸಿ. ಕೊಟ್ಬುಡಿ, ಕೆರೆ ಏರಿ ತಾವ ಇನ್ಸುಲೇಟರ್ ಒಡೆದೈತೆ."

"ನಾಲ್ಕನೇ ಫೀಡರ್, ಕೆರೆ ಏರಿ ಹತ್ರ, ಇನ್ಸುಲೇಟರ್ ಬದಲಾವಣೆ, ಸರಿನಾ?"

"ಸರಿ. ಎಂಜಿನಿಯರಮ್ಮ ಅನ್ನೋದು ಬುಟ್ಬುಟ್ರಿ."

"ಅದು ಲಾಗ್‌ನಲ್ಲಿ ಬರೆಯೋ ಹಾಗಿಲ್ಲ ಅಣ್ಣ, ಆರ್ಡರ್ ಬರ್ಬೇಕು. ಹೆಸರು ಹೇಳಿ."

"ನನ್ನ ಹೆಸರು ನಿಂಗೊತ್ತಿಲ್ವಾ, ತಾಯಿ?"

"ಗೊತ್ತು. ಹೇಳಿ."

"ಅಡವಯ್ಯ ಕಣವ್ವ, ಅಡವಯ್ಯ."

"ಅಡವಯ್ಯ. ಸಮಯ ಎರಡು ಹದಿನಾಲ್ಕು. ಬರ್ಕೊಂಡೆ" ಎಂದು ಮಹಜಬೀನ್ ಎದ್ದು ಬ್ರೇಕರ್ ಕಡೆಗೆ ನಡೆದಳು.