‘ನೀನು’ ಅಂದವರ ಜೊತೆ ಜಗಳ

ಜರ್ಮನಿಯಿಂದ ಮೈಸೂರಿಗೆ ವಾಪಸು ಬಂದಾಗ ಸಿಕ್ಕಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು. “ಅಲ್ಲಿ ಏನೇನು ಕಲಿತ್ರಿ?” ಶಿಸ್ತು, ಸಮಯಪಾಲನೆ, ರಸ್ತೆಯಲ್ಲಿ ಉಗಿಯದಿರುವುದು, ಇಂಥ ಉತ್ತರವನ್ನು ಅವರು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಿದ್ದರು. “ಜಗಳ ಆಡೋದು ಕಲಿತೆ” ಅಂದರೆ ನಗುತ್ತಿದ್ದರು. ನಾನು ತಮಾಷೆಗೆ ಹೇಳಿದ್ದಲ್ಲ.

ನಾನು ನರ್ಸು. ಹುಟ್ಟಿ ಬೆಳೆದದ್ದು ಮೈಸೂರಿನ ಕೆಸರೆಯಲ್ಲಿ. ಅಪ್ಪನಿಗೆ ಅಲ್ಲೇ ಒಂದು ಕಾಳುಕಡಿ ಅಂಗಡಿ. ಓದಿದ್ದು ಮಠದ ಹಾಸ್ಟೆಲಿನಲ್ಲಿದ್ದುಕೊಂಡು. ಹಾಸ್ಟೆಲಿನಲ್ಲಿ ನಮಗೆ ಬಂದ ಮೊದಲ ವಿದ್ಯೆ ತಲೆ ತಗ್ಗಿಸಿ “ಆಗಲಿ ಬುದ್ಧೀ” ಅನ್ನುವುದು. ನರ್ಸಿಂಗ್ ಕಾಲೇಜಿಗೆ ಹೋದ ಮೇಲೆ ‘ಬುದ್ಧಿ’ ಹೋಗಿ ‘ಸರ್’ ಬಂತು, ‘ಆಗಲಿ’ ಹಾಗೇ ಉಳಿಯಿತು. ಅದೇ ‘ಆಗಲಿ’ಯನ್ನು ಜರ್ಮನ್ ಭಾಷೆಗೆ ತರ್ಜುಮೆ ಮಾಡಿಕೊಂಡು ನಾನು ವಿಮಾನ ಹತ್ತಿದೆ.

ನನಗೆ ಕೆಲಸ ಸಿಕ್ಕಿದ್ದು ಒಂದು ಸಣ್ಣ ಪಟ್ಟಣದ ಆಸ್ಪತ್ರೆಯಲ್ಲಿ. ವಾರ್ಡಿನ ಮುಖ್ಯಸ್ಥೆ ಐವತ್ತು ದಾಟಿದ ಹೆಂಗಸು. ಕತ್ತಿನವರೆಗೆ ಕತ್ತರಿಸಿದ ನರೆಗೂದಲು, ಬೆಳಿಗ್ಗೆಯಿಂದಲೇ ಸಿಡುಕು. ಮೊದಲ ವಾರ ಅವಳು ಒಬ್ಬ ರೋಗಿಯ ಬಗ್ಗೆ ಏನೋ ಪಟಪಟ ಹೇಳಿ, “ಅರ್ಥ ಆಯ್ತಾ?” ಅಂದಳು. ಹೂಂ ಅಂದೆ. “ಹಾಗಿದ್ರೆ ನಾನು ಹೇಳಿದ್ದನ್ನ ವಾಪಸ್ ಹೇಳಿ.” ಎರಡು ಪದ ಹೇಳಿ ತಡವರಿಸಿದೆ. ಎಲ್ಲರ ಎದುರಿಗೇ ಅಂದಳು: “ನಿಮ್ಮ ಹೂಂ ಅಪಾಯಕಾರಿ. ಅದನ್ನ ನಂಬಿದ್ರೆ ಯಾರಾದ್ರೂ ಸಾಯ್ತಾರೆ.” ನನ್ನ ಕಿವಿ ಬಿಸಿಯಾಯಿತು. ಅವತ್ತು ಶುರುವಾದ ನನ್ನ ದ್ವೇಷ ಕೊನೆಯವರೆಗೂ ಹೋಗಲಿಲ್ಲ. ಅವಳ ಮಾತು ಸರಿ ಎಂದು ಗೊತ್ತಾದ ಮೇಲೆ ಅದು ಇನ್ನಷ್ಟು ಹೆಚ್ಚಾಯಿತು.

ನಮ್ಮಲ್ಲಿರುವ ಹಾಗೆ ಆ ಭಾಷೆಯಲ್ಲೂ ನೀನು-ನೀವು ಎರಡೂ ಇವೆ. ಅಪರಿಚಿತರಿಗೆ ನೀನು ಅನ್ನುವಂತಿಲ್ಲ. ಆ ಚಳಿಗಾಲ ವಾರ್ಡಿಗೆ ಒಬ್ಬ ಮುದುಕ ಬಂದ. ಕಾಲಿನಲ್ಲಿ ಮಾಗದ ಗಾಯ. ಡಾಕ್ಟರು, ಉಳಿದ ನರ್ಸುಗಳು, ಕಸ ಗುಡಿಸುವಾಕೆ, ಎಲ್ಲರಿಗೂ ನೀವು, ನನಗೊಬ್ಬಳಿಗೆ ನೀನು. “ಏ ಹುಡುಗಿ, ನೀನು ಮುಟ್ಟಬೇಡ, ಬೇರೆಯವರನ್ನ ಕಳಿಸು” ಅಂದ. ಬ್ಯಾಂಡೇಜು ಹಿಡಿದುಕೊಂಡು ಹೊರಗೆ ಬಂದು ಮುಖ್ಯಸ್ಥೆಗೆ ಹೇಳಿದೆ. ಸಮಾಧಾನದ ಒಂದು ಮಾತು ಸಿಗಬಹುದು ಅಂದುಕೊಂಡಿದ್ದೆ. ಅವಳು ನೇರ ಮುದುಕನ ರೂಮಿಗೆ ನುಗ್ಗಿದಳು. “ಇವರು ಈ ವಾರ್ಡಿನ ನರ್ಸು. ಇವರಿಗೆ ನೀವು ಅನ್ನಬೇಕು. ಬ್ಯಾಂಡೇಜು ಇವರೇ ಕಟ್ತಾರೆ. ಒಪ್ಪಿಗೆ ಇಲ್ದಿದ್ರೆ ಕಾಯ್ತಾ ಕೂತಿರಿ.” ಮುದುಕ ಗೋಡೆಯ ಕಡೆ ತಿರುಗಿಕೊಂಡ. ನನಗೆ ಕಣ್ಣು ತುಂಬಿತು, ಥ್ಯಾಂಕ್ಸ್ ಅಂದೆ. ಅವಳು ಕಾರಿಡಾರಿನಲ್ಲಿ ನಿಂತು ನನಗೂ ಅದೇ ದನಿಯಲ್ಲಿ ಬೈದಳು. “ಮುಂದಿನ ಸಲ ಇದನ್ನ ನೀವೇ ಹೇಳಬೇಕು. ನಾನು ನಿಮ್ಮ ತಾಯಿ ಅಲ್ಲ.”

ಮಧ್ಯಾಹ್ನದ ಹೊತ್ತಿಗೆ ಮುದುಕನಿಗೆ ನೋವು ಹೆಚ್ಚಾಯಿತು. ಕಾಲು ಚಾಚಿ, ಹಲ್ಲು ಕಚ್ಚಿಕೊಂಡು ನೀವು ಅಂದ. ಪ್ರೀತಿಯಿಂದಲ್ಲ. ನಾನೂ ಪ್ರೀತಿಯಿಂದ ಕಟ್ಟಲಿಲ್ಲ; ಸರಿಯಾಗಿ ಕಟ್ಟಿದೆ. ಇಷ್ಟವಿಲ್ಲದ ಇಬ್ಬರ ನಡುವೆಯೂ ಮರ್ಯಾದೆ ಇರಬಹುದು ಅನ್ನುವುದನ್ನು ನಾನು ಅಲ್ಲಿ ಕಂಡೆ. ನಮ್ಮೂರಿನಲ್ಲಿ ಅದು ನನಗೆ ಎಲ್ಲೂ ಕಂಡಿರಲಿಲ್ಲ.

ಅಲ್ಲಿಂದ ಬಿಟ್ಟು ಬಂದದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಕತ್ತಲು ಕವಿದ ಚಳಿಗಾಲಗಳು ಸಾಕಾದವು, ಬಂದೆ. ಯಾರೂ ನಂಬಲಿಲ್ಲ. “ಓಡ್ಸ್‌ಬುಟ್ರಂತೆ ಕಣ್ರೀ” ಎಂದು ನಮ್ಮ ಬೀದಿಯೇ ತೀರ್ಮಾನ ಮಾಡಿತು. ಜಯಲಕ್ಷ್ಮಿಪುರಂ ಕಡೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದೆ.

ಅಲ್ಲಿನ ಹಿರಿಯ ಡಾಕ್ಟರು ದೊಡ್ಡ ಮನೆತನದವರು. ತಾತ ಅರಮನೆಯಲ್ಲಿ ವೈದ್ಯರಾಗಿದ್ದರಂತೆ. ಪೇಟ ತೊಟ್ಟ ಆ ತಾತನ ಫೋಟೋ ರೂಮಿನ ಗೋಡೆಯ ಮೇಲಿತ್ತು. ಡಾಕ್ಟರ ಕನ್ನಡ ಕೇಳಲು ಚೆಂದ. ರೋಗಿಗಳಿಗೆ, ಅವರ ಡ್ರೈವರುಗಳಿಗೂ “ದಯಮಾಡಿ ಕೂತ್ಕೊಳ್ಳಿ” ಅನ್ನುತ್ತಿದ್ದರು. ನರ್ಸುಗಳಿಗೆ ಮಾತ್ರ “ಬಾರೇ ಇಲ್ಲಿ.” ಒಂದು ದಿನ ರೌಂಡ್ಸ್ ಮುಗಿದ ಮೇಲೆ ಮೆತ್ತಗೆ ಹೇಳಿದೆ. “ಸರ್, ನನ್ನನ್ನ ನೀವು ಅಂತ ಕರೀರಿ.”

ಅವರಿಗೆ ನಗು ಬಂತು. “ಯಾಕಮ್ಮ, ನೀನು ನನ್ನ ಮಗಳ ಥರ ಅಲ್ವೇನು?”

“ನಿಮ್ಮ ಮಗಳು ನಿಮ್ಮ ಹತ್ರ ಸಂಬಳಕ್ಕೆ ದುಡಿಯಲ್ಲ ಸರ್.”

ನಗು ಮುಖದ ಮೇಲೇ ಉಳಿಯಿತು, ಕಣ್ಣು ಮಾತ್ರ ಬೇರೆಯಾಯಿತು. ಮಾರನೆಯ ದಿನದಿಂದ ನನಗೆ ಬೇಕಾದದ್ದಕ್ಕಿಂತ ಹೆಚ್ಚು ಮರ್ಯಾದೆ ಸಿಗತೊಡಗಿತು. “ಜರ್ಮನಿ ಮಹಾರಾಣಿಯವರೇ, ದಯಮಾಡಿಸ್ಬೇಕು. ಈ ಬಡವನಿಗೆ ಒಂದು ಗ್ಲವ್ಸ್ ಕರುಣಿಸ್ತೀರಾ?” ರೋಗಿಗಳು ನಕ್ಕರು. ನನ್ನ ಜೊತೆಯ ನರ್ಸುಗಳೂ ನಕ್ಕರು. ‘ನೀವು’ ಅನ್ನುವ ಮಾತನ್ನು ಬೈಗುಳಕ್ಕಿಂತ ಕೀಳಾಗಿ ಬಳಸಬಹುದು ಅನ್ನುವುದನ್ನು ನನಗೆ ಕಲಿಸಿದ್ದು ಪರದೇಶವಲ್ಲ, ಸಾಕ್ಷಾತ್ ಮೈಸೂರು.

ಹೀಗೇ ಒಂದು ಮಳೆಗಾಲ ಕಳೆಯಿತು. ಆಮೇಲೆ ಹೊಸದಾಗಿ ಸೇರಿದ್ದ ನರ್ಸೊಬ್ಬಳು ಡ್ರೆಸ್ಸಿಂಗ್ ಟ್ರೇಯಲ್ಲಿ ಕತ್ತರಿ ಇಡಲು ಮರೆತಳು. ರೋಗಿ, ರೋಗಿಯ ಹೆಂಡತಿ, ಇಬ್ಬರ ಎದುರಿಗೂ ಡಾಕ್ಟರು ಅವಳ ಮೇಲೆ ಕೂಗಾಡಿದರು. “ಕತ್ತೆ! ಯಾವಳೇ ನಿನ್ನ ಪಾಸ್ ಮಾಡಿದೋಳು?” ನನ್ನ ಬಾಯಿಂದ ಮಾತು ಬಂದೇಬಿಟ್ಟಿತು.

“ನೀನು ಸ್ವಲ್ಪ ಸುಮ್ನಿರು.”

ಡಾಕ್ಟರಿಗೆ ಮೊದಲು ಅರ್ಥವೇ ಆಗಲಿಲ್ಲ. ಯಾರಿಗೆ ಹೇಳಿದೆ ಎಂದು ಹಿಂದೆ ತಿರುಗಿ ನೋಡಿದರು. “ನಿನಗೇ ಹೇಳ್ತಿರೋದು. ಕತ್ತರಿ ನಾನು ತರ್ತೀನಿ, ನೀನು ಬಾಯಿ ಮುಚ್ಚು.” ಕತ್ತರಿ ತಂದು ಟ್ರೇಯಲ್ಲಿಟ್ಟೆ. ಅಷ್ಟು ಹಗುರವಾದ ಗಳಿಗೆ ನನ್ನ ಬದುಕಿನಲ್ಲಿ ಹೆಚ್ಚಿಲ್ಲ.

ಆಮೇಲೆ ಒಂದು ದೊಡ್ಡ ಜಗಳವಾಗುತ್ತದೆ ಅಂದುಕೊಂಡಿದ್ದೆ, ಅದಕ್ಕೆ ತಯಾರೂ ಆಗಿದ್ದೆ. ಜಗಳವೇ ಆಗಲಿಲ್ಲ. ನಮ್ಮೂರಿನವರು ಜಗಳ ಆಡುವುದಿಲ್ಲ. ಆಫೀಸಿನವರು ಕರೆದು ಕಾಫಿ ಕೊಟ್ಟರು. “ನೀವು ತುಂಬಾ ಟ್ಯಾಲೆಂಟೆಡ್ಡು ಮೇಡಂ. ನಮ್ಮ ಜಾಗ ನಿಮಗೆ ಚಿಕ್ಕದಾಯ್ತೇನೋ. ಕೆಲವು ದಿನ ರೆಸ್ಟ್ ತಗೊಳ್ಳಿ” ಅಂದರು. ಮುಂದಿನ ವಾರದ ಡ್ಯೂಟಿ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಜರ್ಮನಿಯ ಆ ಮುಖ್ಯಸ್ಥೆ ಮುಖಕ್ಕೆ ಹೊಡೆದ ಹಾಗೆ ಮಾತಾಡಿ, ಮರುದಿನ ಕೆಲಸ ಕೊಡುತ್ತಿದ್ದಳು. ಇವರು ಕಾಫಿ ಕೊಟ್ಟು ಕೆಲಸ ಕಿತ್ತುಕೊಂಡರು.

ಸಾಮಾನು ತರಲು ಹೋದಾಗ ಆ ಹೊಸ ನರ್ಸು ಮೆಟ್ಟಿಲ ಹತ್ತಿರ ಸಿಕ್ಕಳು. ಒಂದು ಒಳ್ಳೆಯ ಮಾತು ಹೇಳುತ್ತಾಳೆ ಎಂದು ನಿಂತೆ.

“ನಿಮ್ಮನ್ನ ಯಾರಕ್ಕ ಮಧ್ಯ ಬರಕ್ಕೆ ಹೇಳಿದ್ದು? ಬೈದ್ರೆ ಬೈಸ್ಕೊಂಡು ಇರ್ತಿದ್ದೆ. ಈಗ ನನ್ನೂ ನಿಮ್ಮ ಪಾರ್ಟಿ ಅಂದ್ಕೊಂಡು ಐಸಿಯು ನೈಟ್ ಡ್ಯೂಟಿಗೆ ಹಾಕ್‌ಬುಟ್ರು. ನೀವೇನೋ ಫಾರಿನ್ ನೋಡ್‌ಬುಟ್ಟಿದ್ದೀರ, ಎಂಗಾದ್ರೂ ಬದ್ಕೋತೀರ. ನಾನು ಇಲ್ಲೇ ಇರ್ಬೇಕಲ್ಲ?”

ಅವಳ ಮೇಲೂ ಸಿಟ್ಟು ಬಂತು. ಅವಳು ಹೇಳಿದ್ದು ನಿಜ, ಅದಕ್ಕೇ ಬಂತು. “ಸರಿ, ಇರು” ಅಂದು ಇಳಿದು ಬಂದೆ.

ಈಗ ಬೋಗಾದಿಯಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದು, ಹೊರದೇಶಕ್ಕೆ ಹೋಗಬೇಕೆನ್ನುವ ನರ್ಸುಗಳಿಗೆ ಜರ್ಮನ್ ಕಲಿಸುತ್ತೇನೆ. ಪಕ್ಕದಲ್ಲಿ ಎರಡು ಕಟ್ಟಡ ಏಳುತ್ತಿವೆ. ಕಾಂಕ್ರೀಟ್ ಮಿಕ್ಸರು ಗರಗರ ಅಂದಾಗ ನಮ್ಮ ವ್ಯಾಕರಣ ನಿಲ್ಲುತ್ತದೆ. ಮೊನ್ನೆ ಒಬ್ಬ ವಿದ್ಯಾರ್ಥಿನಿಯ ಅಣ್ಣ ಬಂದ. ಬಂದವನೇ ಬಾಗಿಲು ಹಿಡಿದು ನಿಂತ.

“ಮಿಸ್, ಅಲ್ಲಿ ಮುದುಕ್ರು ಬೈತಾರೆ, ಮುಟ್ಟಿಸ್ಕೊಳಲ್ಲ ಅಂತೆಲ್ಲ ಯಾಕೆ ಹೇಳ್ತೀರ? ನಮ್ಮ ಹುಡುಗಿ ಊಟ ಮಾಡ್ತಾ ಇಲ್ಲ. ಪರೀಕ್ಷೆಗೆ ಬೇಕಾದ್ದಷ್ಟು ಹೇಳ್ಕೊಟ್ರೆ ಸಾಕು.”

“ಪರೀಕ್ಷೆ ಅಲ್ಲಿಗೆ ಹೋದ್ಮೇಲೆ ಶುರುವಾಗೋದು ಕಣಪ್ಪ.”

“ಅಂಗಾದ್ರೆ ಬೇರೆ ಕ್ಲಾಸಿಗೆ ಸೇರಿಸ್ತೀವಿ.”

“ಸೇರಿಸ್ಕೊಳಿ” ಅಂದೆ. ಅವನ ತಂಗಿ ಬೆಂಚಿನ ಮೇಲೆ ಕೂತು ಇದನ್ನೆಲ್ಲ ಕೇಳುತ್ತಿದ್ದಳು. ಹೋಗುವುದೋ ಇರುವುದೋ ಅವಳೇ ಹೇಳಲಿ ಎಂದು ಕಾದೆ. ಅವಳು ಬ್ಯಾಗು ಎತ್ತಿಕೊಂಡು, ನನ್ನ ಮುಖ ನೋಡದೆ, ಅಣ್ಣನ ಹಿಂದೆ ಹೋದಳು. ಮಾರನೆಯ ದಿನ ಬರಲಿಲ್ಲ. ಅದೇ ರಸ್ತೆಯ ಇನ್ನೊಂದು ಕ್ಲಾಸಿನಲ್ಲಿ, ಹಿಮದ ಬೆಟ್ಟಗಳ ಪೋಸ್ಟರ್ ಅಂಟಿಸಿರುವ ಕಡೆ, ಸೇರಿದ್ದಾಳಂತೆ.

ಉಳಿದವರು ಉಳಿದಿದ್ದಾರೆ. ನನ್ನನ್ನು ಕಂಡರೆ ಅವರಿಗೆ ಅಷ್ಟಕ್ಕಷ್ಟೆ. ನನಗೂ ಹಾಗೇ. ಮಿಕ್ಸರು ನಿಂತ ಕೂಡಲೇ ಪಾಠ ಮುಂದುವರಿಸುತ್ತೇನೆ.