ಅರವತ್ತು ದಾಟಿದ ಮನೆ

ಹೊಳೆ ಇಳಿದ ಮೇಲೆ ಊರಲ್ಲಿ ಉಳಿಯುವ ವಾಸನೆಗೆ ಹೆಸರಿಲ್ಲ. ಕೊಳೆತ ಕಬ್ಬಿನ ರವದಿ, ನೆನೆದ ಜೋಳ, ಬಿಸಿಲಿಗೆ ಬಿರಿಯುತ್ತಿರುವ ಕರಿ ಕೆಸರು... ಎಲ್ಲ ಸೇರಿದ ವಾಸನೆ ಅದು. ಹೋದ ವಾರ ವರದಿಗೆಂದು ಜಮಖಂಡಿಯಿಂದ ಗಲಗಲಿಗೆ ಹೋಗಿದ್ದೆ. ಬಸ್ಸಿನಿಂದ ಇಳಿಯುತ್ತಲೇ ಅದು ಮೂಗಿಗೆ ಬಡಿಯಿತು. ಆಗ ನೆನಪಾದದ್ದು ಜರ್ಮನಿಯ ಯುದ್ಧವಿಮಾನಗಳು, ಅವುಗಳ ಹಿಂದೆಯೇ ನಮ್ಮ ಸರ್.

ಸರ್ ಕಾಲೇಜಿನಲ್ಲಿ ನಮಗೆ ಇತಿಹಾಸ ಕಲಿಸಿದವರು. ನಿವೃತ್ತರಾದ ಮೇಲೆ ಸಂಜೆ ನಮ್ಮ ಪತ್ರಿಕೆಯ ಕಚೇರಿಗೆ ಬಂದು ಚಹಾ ಕುಡಿದು ಹೋಗುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಯಾರು ಗೆದ್ದರು, ಯಾರು ಸೋತರು ಎಂಬುದರಲ್ಲಿ ಅವರಿಗೆ ಅಷ್ಟು ಆಸಕ್ತಿ ಇರಲಿಲ್ಲ. ಜರ್ಮನ್ ವಾಯುಪಡೆಯವರು ಪೆಟ್ಟು ತಿಂದ ವಿಮಾನವನ್ನು ಹೇಗೆ ದಾಖಲಿಸುತ್ತಿದ್ದರು ಎಂಬುದರ ಬೆನ್ನು ಹತ್ತಿದ್ದರು. ವಿಮಾನ ಯಾವುದು, ಅದರ ಸಂಖ್ಯೆ ಏನು, ಶತ್ರುವಿನ ಗುಂಡೋ ತಮ್ಮವರದೇ ತಪ್ಪೋ... ಇಷ್ಟು ಬರೆದು ಕೊನೆಗೆ ಹಾನಿ ನೂರಕ್ಕೆ ಎಷ್ಟು ಎಂದು ಒಂದು ಅಂಕಿ. ಹತ್ತರೊಳಗೆ ಇದ್ದರೆ ಸಣ್ಣ ಪೆಟ್ಟು. ಅದಕ್ಕಿಂತ ತುಸು ಹೆಚ್ಚಾದರೆ ಆ ದಳದ ಮೆಕ್ಯಾನಿಕರೇ ಸರಿಮಾಡಬೇಕು. ಅರವತ್ತು ಮುಟ್ಟಿತೆಂದರೆ ದುರಸ್ತಿಯ ಮಾತಿಲ್ಲ, ವಿಮಾನವನ್ನು ಲೆಕ್ಕದಿಂದ ತೆಗೆದು, ಉಪಯೋಗಕ್ಕೆ ಬರುವ ಬಿಡಿಭಾಗ ಬಿಚ್ಚಿಕೊಳ್ಳಬೇಕು. ನೂರು ಎಂದರೆ ಏನೂ ಉಳಿದಿಲ್ಲ.

ಈ ಅಳತೆಗೋಲನ್ನು ಅವರು ಜಮಖಂಡಿಯಲ್ಲೂ ಬಳಸುತ್ತಿದ್ದರು. ಒಮ್ಮೆ ನಾನು ಬೈಕಿನಿಂದ ಬಿದ್ದು ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದೆ. ಸರ್ ನನ್ನ ಸುತ್ತ ಒಂದು ಸುತ್ತು ಹಾಕಿ, “ಹದಿನೈದು ಪರ್ಸೆಂಟ್. ಇಲ್ಲೇ ರಿಪೇರಿ ಆಗತೈತಿ. ಬೆಳಗಾವಿಗೆ ಕಳಸೂದ ಬ್ಯಾಡ” ಎಂದರು. ಕಚೇರಿಯವರೆಲ್ಲ ನಕ್ಕರು.

ಆ ವರ್ಷದ ಮಳೆಗಾಲದಲ್ಲಿ ಹೊಳೆ ಗಲಗಲಿಯೊಳಗೆ ಬಂತು. ಸರ್ ಹುಟ್ಟಿದ ಮಣ್ಣಿನ ಮಾಳಿಗೆಯ ಮನೆ ಅಲ್ಲಿತ್ತು. ಅದರಲ್ಲಿ ಅವರ ಅಕ್ಕ, ಮಗ ಸೊಸೆಯೊಂದಿಗೆ ಇದ್ದರು. ನೀರು ಇಳಿದ ಮೇಲೆ ಊರಿನ ಲೆಕ್ಕ ಬರೆಯುವ ತಲಾಠಿ ಮತ್ತು ಒಬ್ಬ ಎಳೆಯ ಎಂಜಿನಿಯರ್ ಪರಿಹಾರಕ್ಕೆಂದು ಮನೆಮನೆಗೆ ಹೋಗಿ ಹಾನಿ ನೂರಕ್ಕೆ ಎಷ್ಟು ಎಂದು ಬರೆದುಕೊಳ್ಳತೊಡಗಿದರು. ಸರ್ ನನ್ನ ಬೈಕಿನ ಹಿಂದೆ ಕೂತು ಬಂದರು.

ನಾವು ಮುಟ್ಟುವಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ಸರಕಾರದವರು ಬರುತ್ತಾರೆಂದು ಅಕ್ಕ ನಸುಕಿನಲ್ಲೇ ಎದ್ದು ಮುಂಗೋಡೆಗೆ ಹೊಸ ಮಣ್ಣು ಮೆತ್ತಿ, ಅಂಗಳ ಸಾರಿಸಿ, ರಂಗೋಲಿ ಹಾಕಿದ್ದರು.

“ಗೋಡಿ ಛಲೋನ ಅದಾವಲ್ರಿ,” ಎನ್ನುತ್ತ ಎಂಜಿನಿಯರ್ ಬರೆಯಲು ಹೊರಟಿದ್ದ. “ಸಣ್ಣ ಪೆಟ್ಟು.”

ಸರ್ ಅಕ್ಕನ ಕಡೆ ತಿರುಗಿದರು. “ಏನ್ ಮಾಡಿದೆಬೇ ಇದನ್ನ?”

“ನಾಲ್ಕು ಮಂದಿ ಬರ್ತಾರಂದ್ರ ಹೊಲಸ ಮನಿ ತೋರಸೂದೇನ?”

ಸರ್ ಎಂಜಿನಿಯರನ ಪೆನ್ನಿಗೆ ಕೈ ಅಡ್ಡ ಹಿಡಿದರು. “ಬಿದ್ದಾಗ ಹೆಂಗಿತ್ತು, ಅದನ್ನ ಬರೀಬೇಕಪಾ. ಬಣ್ಣಾ ಬಳದ ಮ್ಯಾಲ ವಿಮಾನ ಎಲ್ಲಾ ಛಲೋನ ಕಾಣತಾವ.”

“ಯಾವ ವಿಮಾನ್ರೀ?”

“ಸುಮ್ನ ಕೇಳ್ರಿ ಸಾಹೇಬ್ರ,” ಎಂದು ತಲಾಠಿ ನಕ್ಕ. “ನನಗೂ ಕಾಲೇಜಿನಾಗ ಹಿಂಗ ಕಲಿಸ್ಯಾರ. ಕಡೀಗೆ ತಿಳೀತೈತಿ.”

ಒಳಗೆ ನೋಡಬೇಕೆಂದರೆ ಅಕ್ಕ ಬಾಗಿಲಿಗೆ ಅಡ್ಡ ನಿಂತರು. “ಅಡಗಿ ಮನ್ಯಾಗ ಇನ್ನೂ ರಾಡಿ ಐತಿ. ಮಾನಾ ಹೋಗತೈತಿ.”

“ಗೋಡಿ ಬಿದ್ದರ ಜೀವಾ ಹೋಗತೈತಿ ಅಕ್ಕಾ. ಬಾಜೂಕ ಸರಿ.”

ತಮ್ಮನ ದನಿ ಹಾಗೆ ಏರಿದ್ದನ್ನು ಅವರು ಕೇಳಿರಲಿಲ್ಲವೇನೋ... ಸರಿದರು. ಹಿಂಗೋಡೆಯ ಬುಡ ನೀರಿಗೆ ಕರಗಿ ಒಳಗೆ ಮೊಳಕೈವರೆಗೆ ಕೈ ಇಳಿಯುವಂತಾಗಿತ್ತು. ಒಂದು ತೊಲೆ ಕಂಬದಿಂದ ಜಾರಿ ಗೋಡೆಯ ಮೇಲೇ ಭಾರ ಹಾಕಿತ್ತು. ಎಂಜಿನಿಯರ್ ಎರಡು ಹೆಜ್ಜೆ ಹಿಂದೆ ಸರಿದ.

“ಹೊಳಿ ನೀರಿಂದ ಆಗಿದ್ದೋ, ಮೊದಲಿಂದೋ?”

ಸರ್ ಗೋಡೆಯೊಳಗೆ ಕೈ ಹಾಕಿ ಒಂದು ಹಿಡಿ ಹಸಿ ಮಣ್ಣು ತೆಗೆದು ಅವನ ಮುಂದೆ ಹಿಂಡಿದರು. ನೀರು ತೊಟ್ಟಿಕ್ಕಿತು. ಆತ ಎಂಬತ್ತು ಎಂದು ಬರೆದ. ಸರ್ ನನ್ನ ಕಡೆ ನೋಡಿದರು. ಗೆದ್ದಿದ್ದರು.

“ರಿಪೇರಿ ಯಾವಾಗ ಚಾಲೂ ಮಾಡ್ತಾರ?” ಎಂದು ಅಕ್ಕ ಕೇಳಿದರು.

ತಲಾಠಿ ಹೇಳಿದ: “ರಿಪೇರಿ ಇಲ್ಲಬೇ ಯಕ್ಕಾ. ಇದನ್ನ ಕೆಡವೂದು. ಹೊಸಾದು ಮ್ಯಾಲಿನ ಜಾಗಾದಾಗ ಕಟ್ಟೂದು.”

ಅಕ್ಕ ತಮ್ಮನನ್ನೇ ನೋಡಿದರು. “ಮನಿ ಉಳಸಾಕ ಬಂದಿ ಅಂತ ತಿಳದಿದ್ನೆಲ್ಲೋ. ತಗಸಾಕ ಬಂದಿದ್ದೇನ?”

ಜಮಖಂಡಿಯಲ್ಲಿ ತಮ್ಮ ಮನೆ ಮುಂದೆ ಇಳಿದಾಗ ಸರ್ ಅಂದರು: “ಅಂಕಿ ತಪ್ಪಿಲ್ಲ. ಅರವತ್ತು ದಾಟಿತು ಅಂತ ಬರದಾಗ, ಆ ವಿಮಾನಾ ದಿನಾ ಹಾರಸ್ತಿದ್ದವ ಏನಂದಾ ಅನ್ನೂದು ಮಾತ್ರ ನಾ ಯಾವ ವರದಿಯೊಳಗೂ ಓದಲಿಲ್ಲ.”

ಮನೆ ಇಳಿಸಿದ ದಿನ ಸರ್ ಮುಂದೆ ನಿಂತು ತೊಲೆ, ಕದ, ಹಾಸುಗಲ್ಲುಗಳನ್ನು ಒಂದೂ ಒಡೆಯದಂತೆ ಬಿಚ್ಚಿಸಿ ಹೊಸ ಜಾಗಕ್ಕೆ ಸಾಗಿಸಿದರು. ಅಕ್ಕ ಬಹಳ ಕಾಲ ಅವರೊಂದಿಗೆ ಮಾತು ಬಿಟ್ಟಿದ್ದರು. ಆದರೂ ಸರ್ ಪ್ರತಿ ಭಾನುವಾರ ಬಿಡದೆ ಹೋಗುತ್ತಿದ್ದರು. ಸೊಸೆ ಚಹಾ ತಂದಿಡುತ್ತಿದ್ದಳು. ಆಮೇಲೆ ಅಕ್ಕ ಮಾತು ಶುರುಮಾಡಿದರು, ಜಗಳಕ್ಕೆಂದು ಮಾತ್ರ. ಒಲೆ ಹೊಗೆ ಹೋಗುವುದಿಲ್ಲ, ಹೊಳೆ ಕಾಣುವುದಿಲ್ಲ, ಎಲ್ಲಕ್ಕೂ ತಮ್ಮನೇ ಕಾರಣ. ಸರ್ ಅದನ್ನೆಲ್ಲ ಕಚೇರಿಗೆ ಬಂದು ಖುಷಿಯಿಂದ ಹೇಳುತ್ತಿದ್ದರು.

ಸರ್ ತೀರಿಕೊಂಡಾಗ ಸುದ್ದಿ ಬರೆದವನು ನಾನೇ. ವಯಸ್ಸು, ಸೇವೆ, ಬಂಧುಬಳಗ... ಸಣ್ಣ ಸುದ್ದಿ.

ಹೋದ ವಾರ ಮೇಲಿನ ಬಡಾವಣೆಗೂ ಹೋದೆ. ಈ ಸಲ ನೀರು ಅಲ್ಲಿಗೆ ಬಂದಿರಲಿಲ್ಲ. ಅಕ್ಕನ ಕಣ್ಣು ಮಂದವಾಗಿದೆ. ದನಿಯಿಂದಲೇ ಗುರುತು ಹಿಡಿದು, “ಬಾರಪಾ, ಕುಂಡ್ರು” ಎಂದರು. ಮನೆ ಹೇಗಿದೆ ಎಂದು ಕೇಳಿದೆ.

“ಮನಿಗೇನ ಆಗೇತಿ? ಗಟ್ಟಿ ಐತಿ.”

ನನ್ನ ವರದಿಗೆ ಅಷ್ಟು ಸಾಕಾಗಿತ್ತು. ಏಳಲು ಹೊರಟಾಗ ಅವರು ನನ್ನ ಅಂಗಿಯ ತೋಳು ಹಿಡಿದರು.

“ಅಂವ ಅವತ್ತು ಮಾಡಿದ್ದ ಖರೆ ಇತ್ತಪಾ. ಇರೋತನಕ ಅಂವಗ ಹೇಳಲಿಲ್ಲ ನಾ.”

ಹೇಳಿಸಿಕೊಳ್ಳಬೇಕಾದವರು ಇರಲಿಲ್ಲ. ನಾನು ಇನ್ನಷ್ಟು ಹೊತ್ತು ಅಲ್ಲೇ ಕೂತೆ.