ಸಂತೆಯಲ್ಲಿ ಓದದ ನೋಟಿಸು

ಘಾಟಬೋರಾಳದಲ್ಲಿರುವ ನನ್ನ ಸೋದರತ್ತೆಯ ಹೊಲವನ್ನು ಕಸಿದವರು ಸರ್ಕಾರಿ ಜಾಹೀರಾತು ಹಂಚುವ ಅಧಿಕಾರಿಗಳು. ಕೆರೆಗಾಗಿ ಸ್ವಾಧೀನ ಎಂದು ಕಾಗದದಲ್ಲಿದೆ. ಆದರೆ ಕೆರೆಯ ಗುದ್ದಲಿ ಬೀಳುವ ಮೊದಲೇ ಅವರ ಆದೇಶ ಆ ಹೊಲವನ್ನು ಮುಳುಗಿಸಿತ್ತು.

ಏಕೀಕರಣದ ಮರುವರ್ಷ ಅಪ್ಪ ಹುಮನಾಬಾದಿನಲ್ಲಿ ಕನ್ನಡ ವಾರಪತ್ರಿಕೆ ಆರಂಭಿಸಿದರು. ಅದುವರೆಗೆ ಕಚೇರಿಯ ವ್ಯವಹಾರವೆಲ್ಲ ಉರ್ದುವಿನಲ್ಲಿದ್ದ ಸೀಮೆ. ಕನ್ನಡ ಓದಬಲ್ಲವರು ವಿರಳ. ಹಾಗಾಗಿ ಸಂತೆಯ ದಿನ ಅಪ್ಪ ಚಹಾ ಹೋಟೆಲಿನ ಬೆಂಚಿನ ಮೇಲೆ ಕುಳಿತು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು. ಮೊದಲು ಹರಾಜು, ಕೋರ್ಟು, ಭೂಸ್ವಾಧೀನದ ನೋಟಿಸು, ಆಮೇಲೆ ಸುದ್ದಿ. ಕೇಳಿದವರು ಅದನ್ನು ಕೊಡಂಬಲದವರೆಗೆ ಒಯ್ಯುತ್ತಿದ್ದರು. ಅಪ್ಪ ಓದಿದ್ದು ಖರೆ, ಓದದ್ದು ಗಾಳಿಮಾತು ಎಂಬ ನಂಬಿಕೆ ಊರೂರಿನಲ್ಲಿ ಬೇರುಬಿಟ್ಟಿತು.

ನಾನು ವಿಶ್ವವಿದ್ಯಾಲಯ ಮುಗಿಸಿ ಮರಳುವಷ್ಟರಲ್ಲಿ ಪತ್ರಿಕೆ ಒಂದೇ ಹಾಳೆಗೆ ಇಳಿದಿತ್ತು. ಬಸವಕಲ್ಯಾಣದ ಬಟ್ಟೆ ವ್ಯಾಪಾರಿ ತನ್ನ ಜಾಹೀರಾತನ್ನು ಟಾಕೀಸಿನ ಬಣ್ಣದ ಸ್ಲೈಡಿಗೆ ಕೊಟ್ಟಿದ್ದ. "ಕಾಕಾ, ನಿಮ್ಮ ಪೇಪರದಾಗ ನನ್ನ ಸೀರಿ ಎಲ್ಲಾ ಕರೀನೇ ಕಾಣ್ತಾವ. ಮದಿವಿ ಮನಿಯವ್ರು ಕರೀ ಸೀರಿ ತೊಗೋತಾರೇನು?" ಎಂದು ನಕ್ಕ. ಅಪ್ಪನೂ ನಕ್ಕರು. ಆ ಪೆಟ್ಟನ್ನು ತಾಳಿಕೊಳ್ಳಬಹುದಿತ್ತು.

ತಾಳಲಾಗದ್ದು ಸರ್ಕಾರದ ಆದೇಶ. ಪ್ರಸಾರ ಹೆಚ್ಚಿರುವ ನಗರದ ದಿನಪತ್ರಿಕೆಗಳಿಗೆ ಮಾತ್ರ ನೋಟಿಸು ಕೊಡಬೇಕೆಂದು ತೀರ್ಮಾನವಾಯಿತು. ಘಾಟಬೋರಾಳಕ್ಕೆ ಆ ಪತ್ರಿಕೆಗಳು ಬರುವುದಿಲ್ಲ. ಅತ್ತೆಯ ಹೊಲ ಇನ್ನೂ ತೀರಿಹೋದ ಮಾವನ ಹೆಸರಿನಲ್ಲಿತ್ತು. ಮನೆಗೆ ಬರಬೇಕಾದ ನೋಟಿಸು ಸತ್ತವನನ್ನು ಹುಡುಕಿ ಹಿಂದಿರುಗಿತು. ಮೋಜಣಿಯವರು ಹೊಲ ಅಳೆದು ಕಲ್ಲು ನೆಟ್ಟಾಗ ನೆರೆಯವರು ತಹಸೀಲಿಗೆ ಹೋಗೆಂದರು. ಅತ್ತೆ ಕದಲಲಿಲ್ಲ. "ನಮ್ಮಣ್ಣ ಓದ್ಲಿ, ಆಮ್ಯಾಲ ನೋಡಮು" ಎಂದಳು.

ತಕರಾರಿನ ಅವಧಿ ಮುಗಿದ ಮೇಲೆ ಅವಳು ಅಚ್ಚುಕೂಟಕ್ಕೆ ಬಂದು ಅಪ್ಪನೆದುರು ಕುಳಿತಳು.

"ಅಣ್ಣಾ, ನೀ ಓದಿಲ್ಲಂದ ಮ್ಯಾಲ ಅದು ನೋಟಿಸ ಹ್ಯಾಂಗ ಆಗ್ತದ?"

"ನನ್ನ ತನಕಾ ಬರ್ಲೇ ಇಲ್ಲ ತಂಗಿ. ಬಂದಿದ್ರ ಓದ್ತಿದ್ದಿಲ್ಲೇನು?"

ನಾನು ಜಾಹೀರಾತು ಕಚೇರಿಗೆ ಹೋದೆ. ಅಲ್ಲಿನ ಅಧಿಕಾರಿ ತಲೆಯೆತ್ತದೆ ಹೇಳಿದರು: "ಎಷ್ಟು ಪ್ರತಿ ಅಚ್ಚಾಗ್ತಾವ, ಅಷ್ಟೇ ನಾವು ನೋಡೋದ್ರಿ. ಕಿವಿ ಎಣಸೋ ರೂಲು ನಮ್ಮಲ್ಲಿಲ್ಲ."

ಅಪ್ಪ ಈಗಲೂ ಸಂತೆಯಲ್ಲಿ ಓದುತ್ತಾರೆ. ಜನ ಬಂದೊಡನೆ ಕೇಳುತ್ತಾರೆ: "ನೋಟಿಸ ಏನರೆ ಅವೇನ್ರಿ?" ಇಲ್ಲ ಎಂದರೆ ಸಮಾಧಾನದಿಂದ ಊರಿಗೆ ಮರಳುತ್ತಾರೆ. ನನಗೆ ಭಯ ಹುಟ್ಟಿಸುವುದು ಆ ಸಮಾಧಾನ. ನಗರದ ಯಾವ ಪುಟದಲ್ಲಿ ಯಾರ ಹೊಲ ಅಚ್ಚಾಗಿದೆಯೋ, ಅವರಿಗೂ ತಿಳಿಯದು, ಅಪ್ಪನಿಗೂ ತಿಳಿಯದು.

ಜೋಳದ ಕೊಯ್ಲು ಮುಗಿದರೆ ಅತ್ತೆಯ ಹೊಲದಲ್ಲಿ ಅಗೆತ ಶುರುವಾಗುತ್ತದೆ. ಅದಕ್ಕೆ ಮುನ್ನ ಸಂಬಂಧಪಟ್ಟ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇದು. ತಲುಪದ ಪ್ರಕಟಣೆಯನ್ನು ಯಾವ ನ್ಯಾಯದಿಂದ ಪ್ರಕಟಣೆಯೆಂದು ಪರಿಗಣಿಸಿದಿರಿ ಎಂಬುದಕ್ಕೆ ಲಿಖಿತ ಉತ್ತರ ಕೊಡಬೇಕು. ಅವಧಿ ಮೀರಿತೆಂಬ ನೆಪ ಬಿಟ್ಟು ಅತ್ತೆಯ ತಕರಾರನ್ನು ವಿಚಾರಣೆಗೆ ತೆಗೆದುಕೊಳ್ಳಬೇಕು. ಈ ತಾಲೂಕಿನ ನೆಲಕ್ಕೆ ಸಂಬಂಧಿಸಿದ ನೋಟಿಸುಗಳು ಈ ತಾಲೂಕಿನ ಪತ್ರಿಕೆಯಲ್ಲಿಯೂ ಬರುವಂತೆ ಆದೇಶವನ್ನು ತಿದ್ದಬೇಕು.